ಕಪಾಟಿನಲ್ಲಿದ್ದ ಅರ್ಧ ಕಥೆ

ಬೇಸಿಗೆ ರಜೆ ಶುರುವಾದ ನಾಲ್ಕನೇ ದಿನ ಲೈಬ್ರರಿ ಮೇಡಂ ತಾವಾಗಿಯೇ ಹಾಲಿನವರ ಮನೆಗೆ ಬಂದರು. ಕೊಟ್ಟಿಗೆ ತೊಳೆದಾಗಿತ್ತು, ಕ್ಯಾನು ಡೈರಿಗೆ ಹೋಗಿತ್ತು, ಒಲೆಯ ಮೇಲೆ ಎರಡನೇ ಚಹಾ ಕುದಿಯುತ್ತಿತ್ತು. ಮೇಡಂ ಅಂಗಳದ ಗೋಡೆಗೆ ಸೈಕಲ್ ಒರಗಿಸಿ ಜಗಲಿಯ ಅಂಚಿನಲ್ಲಿ ಕುಳಿತರು.

“ಒಳಗೆ ಬನ್ನಿ, ಅಲ್ಲೇನು ಬಿಸಿಲು ಕಾಯಿಸ್ತಾ ಕೂತ್ರಿ,” ಎಂದಳು ಅಜ್ಜಿ.

“ಬೇಡ ಅಜ್ಜಿ. ಒಂದೇ ಒಂದು ಮಾತು ಕೇಳಿ ಹೊರಟುಬಿಡ್ತೀನಿ.”

ಆ ಒಂದು ಮಾತು ಹೊರಗೆ ಬರಲು ಚಹಾದ ಲೋಟ ಖಾಲಿಯಾಗಬೇಕಾಯಿತು. ಹುಲ್ಲಿನ ವಿಚಾರ ಬಂತು, ಅಜ್ಜಿಯ ಮಣಿಕಟ್ಟಿನ ನೋವಿನ ವಿಚಾರ ಬಂತು. ಕೊನೆಗೆ ಮೇಡಂ ಲೋಟ ಕೆಳಗಿಟ್ಟು, ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡದೆ ಹೇಳಿದರು.

“ಸೋಮವಾರದಿಂದ ಮಕ್ಕಳ ಕಥೆ ಶಿಬಿರ. ಕಪಾಟು ತೆಗೆದೆ. ನಿಮ್ಮ ದೊಡ್ಡವಳ ನೋಟ್‌ಬುಕ್ಕೂ ಅದರಲ್ಲಿದೆ. ಏನು ಮಾಡಲಿ ಅಂತ ಕೇಳೋಕೆ ಬಂದೆ.”

ಮೇಡಂ ನಡೆಸುವ ಶಿಬಿರಕ್ಕೆ ಒಂದು ಪದ್ಧತಿಯಿತ್ತು. ಮೊದಲ ಬೇಸಿಗೆಯಲ್ಲಿ ಮಕ್ಕಳು ಕಥೆಯನ್ನು ಅರ್ಧ ಮಾತ್ರ ಬರೆಯಬೇಕು. ನೋಟ್‌ಬುಕ್ಕುಗಳು ಕಪಾಟು ಸೇರಿ ಬೀಗ ಬೀಳುತ್ತಿತ್ತು. ಮುಂದಿನ ಬೇಸಿಗೆಗೆ ಒಂದು ವರ್ಷ ದೊಡ್ಡವರಾಗಿ ಬಂದ ಮಕ್ಕಳು ತಾವು ಬರೆದದ್ದನ್ನು ತಾವೇ ಓದಿ, ನಕ್ಕು, ನಾಚಿ, ಉಳಿದರ್ಧ ಮುಗಿಸುತ್ತಿದ್ದರು. ಜೊತೆಗೆ ಎರಡು ಕಟ್ಟಳೆ. ರಬ್ಬರ್ ತರಕೂಡದು, ತಪ್ಪಾದರೆ ಅಡಿಯ ಅಕ್ಷರ ಕಾಣುವ ಹಾಗೆ ಒಂದೇ ಗೀಟು ಎಳೆಯಬೇಕು. ಕೊನೆಯ ದಿನ ಊರವರ ಎದುರು, ಬರೆದವರೇ ಓದಬೇಕು.

ದೊಡ್ಡವಳು ಹೋದ ಬೇಸಿಗೆಯಲ್ಲಿ ಅರ್ಧ ಬರೆದು ಬಂದಿದ್ದಳು. ಶಾಲೆ ಶುರುವಾಗಿ ಮೂರು ತಿಂಗಳಿಗೆ ಹೊಟ್ಟೆನೋವು ಬಂತು. ಕರುಳಿನ ತುದಿ ಒಳಗೇ ಒಡೆದುಹೋಗಿತ್ತು. ಹನ್ನೊಂದು ವರ್ಷದವಳು ಎರಡು ದಿನದಲ್ಲಿ ಇಲ್ಲವಾದಳು.

“ಗುಬ್ಬೀನ ಕಳಿಸ್ತೀನಿ,” ಎಂದಳು ಅಮ್ಮ. “ಅಕ್ಕನದ್ದನ್ನ ಅವಳು ಮುಗಿಸ್ತಾಳೆ.”

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಅವಳಿಗಿನ್ನೂ ಒಂಬತ್ತು ತುಂಬಿಲ್ಲ. ಒಬ್ಬರ ಕಥೆ ಇನ್ನೊಬ್ಬರು ಮುಗಿಸೋ ರೂಢಿನೂ ನಮ್ಮಲ್ಲಿಲ್ಲ.”

“ಮುಗಿಸ್ತಾಳೆ ಮೇಡಂ.”

“ಹೋದವಳ ನೋಟ್‌ಬುಕ್ಕಿಗೆ ಇರೋವಳನ್ನ ಕಟ್ಟಿಹಾಕ್ತೀಯೇನೇ?” ಎಂದಳು ಅಜ್ಜಿ. “ಆ ಮಗು ತನ್ನ ಹೆಸರು ಬರೆಯೋಕೇ ಅರ್ಧ ದಿನ ತಗೊಳ್ಳುತ್ತೆ.”

ಗುಬ್ಬಿ ಜಗಲಿಯ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳುತ್ತಿದ್ದಳು. ಅವಳು ಅಲ್ಲಿಗೆ ಯಾವಾಗ ಬಂದಳೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಹೋದ ಮೇಲೆ ಅವಳು ಯಾರನ್ನೂ ಕೂಗುವುದಿಲ್ಲ. ಹಸಿವಾದರೆ ಅಡುಗೆಮನೆಗೆ ಬಂದು ನಿಲ್ಲುತ್ತಾಳೆ. ಕಾಲಿಗೆ ಮುಳ್ಳು ಹೊಕ್ಕರೆ ಕುಂಟುತ್ತ ಬಂದು ನಿಲ್ಲುತ್ತಾಳೆ. “ಬೆಕ್ಕು ಬಂದ ಹಾಗೆ ಬರ್ತಾಳೆ, ಬಾಯಿ ಬಿಟ್ಟು ಕೂಗಿದ್ರೆ ಏನು ಮುತ್ತು ಉದುರುತ್ತಾ?” ಎಂದು ಅಜ್ಜಿ ಗದರುವುದಿತ್ತು.

ಮೇಡಂ ಅವಳ ಕಡೆ ನೋಡಿದರು, ಆಮೇಲೆ ಬಾಗಿಲಿನ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದ ಅಮ್ಮನ ಕೈ ನೋಡಿದರು. ಚೀಲದಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದು ಜಗಲಿಯ ಮೇಲಿಟ್ಟರು. ಅದನ್ನು ಅವರು ಮೊದಲೇ ತಂದಿದ್ದರು.

ಅಂದು ಸಂಜೆ ಊಟಕ್ಕೆ ಕುಳಿತಾಗ ಅಮ್ಮ ನೋಟ್‌ಬುಕ್ಕನ್ನು ಗುಬ್ಬಿಯ ಪಕ್ಕ ಇಟ್ಟಳು. “ಓದೇ. ಎಲ್ಲರೂ ಕೇಳಲಿ.”

ಅಪ್ಪ ತಟ್ಟೆಯಿಂದ ತಲೆಯೆತ್ತಿದ. “ಏನದು?”

“ದೊಡ್ಡವಳ ಕಥೆ.”

ಅಪ್ಪ ಕಲಸಿದ ತುತ್ತನ್ನು ಹಾಗೇ ಬಿಟ್ಟು ಎದ್ದ. ಹೊರಗೆ ನಲ್ಲಿಯಲ್ಲಿ ಕೈತೊಳೆದ ಸದ್ದಾಯಿತು. ಮರುದಿನದ ಕ್ಯಾನನ್ನು, ತೊಳೆದಿದ್ದನ್ನೇ ಮತ್ತೆ ತೊಳೆಯುವ ಸದ್ದಾಯಿತು.

“ಉಣ್ಣೋವಾಗಲೇ ತೆಗೀಬೇಕಿತ್ತಾ?” ಅಜ್ಜಿ ಸೊಸೆಯನ್ನು ನೋಡಿದಳು.

“ಇನ್ಯಾವಾಗ ಅತ್ತೆ? ಉಣ್ಣೋವಾಗ ಬಿಟ್ಟರೆ ನಾಲ್ಕು ಜನ ಒಂದು ಕಡೆ ಸೇರೋದು ಯಾವಾಗ?”

ನಾಲ್ಕು ಎಂಬ ಲೆಕ್ಕ ಬಾಯಿಂದ ಬಿದ್ದ ಮೇಲೆ ಅಜ್ಜಿ ತಟ್ಟೆಗೆ ಬಗ್ಗಿದಳು. ಗುಬ್ಬಿ ಓದತೊಡಗಿದಳು. ಅಕ್ಕನ ಅಕ್ಷರ ದುಂಡಗಿತ್ತು. ಸಾಲಿಗೆ ಎರಡು ಕಡೆ ಗೀಟು ಎಳೆದಿತ್ತು.

ಹಳ್ಳದ ಬದಿಯಲ್ಲಿ ಒಬ್ಬ ಹುಡುಗಿ. ಅವಳ ಕೆಲಸ ಸಂಜೆ ಬಾತುಕೋಳಿಗಳನ್ನು ಮನೆಗೆ ಹೊಡೆದುಕೊಂಡು ಬರುವುದು. ಅವುಗಳಲ್ಲಿ ಒಂದು ಸೊಟ್ಟಗಾಲಿನದು, ಬಲು ಹಟಮಾರಿ. ಒಂದು ಸಂಜೆ ಅದು ಆಚೆ ದಡಕ್ಕೆ ಹೋಗಿ ಕುಳಿತಿತು. ಹುಡುಗಿ ಮೊಣಕಾಲುದ್ದದ ನೀರಿನಲ್ಲಿ ದಾಟಿ ಹೋದಳು. ಬಾತುಕೋಳಿಯನ್ನು ಹಿಡಿದು ತಿರುಗಿ ನೋಡುವಷ್ಟರಲ್ಲಿ ಮೇಲಿನ ಕಟ್ಟೆಯ ನೀರು ಬಿಟ್ಟಿದ್ದರು, ಹಳ್ಳ ತುಂಬಿತ್ತು. ಈಚೆ ದಡದಲ್ಲಿ ಮನೆಯ ದೀಪ ಕಾಣುತ್ತಿತ್ತು.

ಕೊನೆಯ ಸಾಲಿಗೆ ಬಂದಾಗ ಗುಬ್ಬಿ ತಡವರಿಸಿದಳು. “ಅವಳು ಆ ದಡದಲ್ಲಿ ನಿಂತು... ಎಂದು ಜೋರಾಗಿ ಕೂಗಿದಳು.”

“ಏನಂತ ಕೂಗಿದ್ಲು?” ಅಜ್ಜಿಗೆ ಓದು ಬಾರದು.

ಗುಬ್ಬಿ ನೋಟ್‌ಬುಕ್ ಮುಚ್ಚಿದಳು. ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಆ ಸಾಲನ್ನು ನೋಡಿದಳು. ಅಲ್ಲಿ ‘ಅಮ್ಮಾ’ ಎಂದಿತ್ತು. ಅವಳು ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ಒಳಗೆ ಹೋದಳು.

ಸೋಮವಾರದಿಂದ ಗುಬ್ಬಿ ಶಿಬಿರಕ್ಕೆ ಹೋದಳು. ಲೈಬ್ರರಿಯ ಪತ್ರಿಕೆ ಓದುವ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಹದಿನಾರು ಮಕ್ಕಳು. ಮೊದಲ ದಿನ ಮೇಡಂ ಎಲ್ಲರ ಜೇಬು, ಡಬ್ಬಿ ತಡಕಿ ರಬ್ಬರುಗಳನ್ನು ಒಂದು ಡಬ್ಬದಲ್ಲಿ ತುಂಬಿಟ್ಟರು. ದಾರಿಯಲ್ಲಿ ಕಿವಿಗೆ ಬಿದ್ದ ಒಂದು ಮಾತು ಬರೆಯಿರಿ ಎಂದರು. ದರ್ಜಿಯ ಮಗಳು, “ನಮ್ಮಪ್ಪ ಬೈದಿದ್ದು ಬರೀಬಹುದಾ ಮೇಡಂ?” ಎಂದು ಕೇಳಿದಳು.

“ಬರಿ.”

“ಪೂರ್ತಿನಾ?”

“ಮರ್ಯಾದೆ ಇರೋ ಅಷ್ಟು ಬರಿ.”

“ಹಾಗಾದ್ರೆ ಏನೂ ಉಳಿಯಲ್ಲ ಮೇಡಂ.”

ಕೋಣೆಯೆಲ್ಲ ನಕ್ಕಿತು. ಗುಬ್ಬಿಯೂ ನಕ್ಕಳು. ಆದರೆ ನೀಲಿ ನೋಟ್‌ಬುಕ್ ತೆರೆದಾಗ ಅವಳ ಪೆನ್ಸಿಲ್ ಅಲ್ಲಾಡಲಿಲ್ಲ. ಒಂದು ವಾರದಲ್ಲಿ ಅವಳು ಬರೆದದ್ದು ಎರಡೇ ಸಾಲು, ಅದೂ ಬೇರೆ ಹಾಳೆಯಲ್ಲಿ: ‘ಆ ಬಾತುಕೋಳಿ ಮೊಟ್ಟೆ ಇಟ್ಟಿತು. ಅದು ಬಿಸಿಯಾಗಿತ್ತು.’

ದಿನವೂ ಮಧ್ಯಾಹ್ನ ಬೇಯಿಸಿದ ಗೆಣಸಿನ ಸಿಪ್ಪೆ ಸುಲಿಯುತ್ತ ಅಮ್ಮ ಕೇಳುತ್ತಿದ್ದಳು. “ಎಲ್ಲಿಗೆ ಬಂತು?”

“ಅಲ್ಲೇ ಇದೆ.”

“ಇನ್ನೂ ಆಚೆ ದಡದಲ್ಲೇ ನಿಂತಿದ್ದಾಳಾ?”

“ಹೂಂ.”

“ಪಾಪ, ಕಾಲು ನೋಯಲ್ವಾ ಅವಳಿಗೆ?” ಎಂದಳು ಅಜ್ಜಿ ಒಂದು ದಿನ. “ನಾನು ಹೇಳ್ತೀನಿ ಬರ್ಕೋ. ಆ ಸೊಟ್ಟಗಾಲಿನ ಬಾತುಕೋಳಿ ಇದೆಯಲ್ಲ, ಅದು ದೊಡ್ಡದಾಗಿಬಿಡುತ್ತೆ, ಎಮ್ಮೆಯಷ್ಟು. ಹುಡುಗಿ ಅದರ ಮೇಲೆ ಕೂತು ತೇಲಿಕೊಂಡು ಬಂದುಬಿಡ್ತಾಳೆ. ಊರವರೆಲ್ಲ ಬಾಯಿ ಬಿಟ್ಟು ನೋಡ್ತಾರೆ. ಮುಗೀತು.”

“ಬಾತುಕೋಳಿ ಎಮ್ಮೆಯಷ್ಟಾಗಲ್ಲ ಅಜ್ಜಿ. ಮೇಡಂ ಒಪ್ಪಲ್ಲ.”

“ಮೇಡಂ ಒಪ್ಪದೆ ಇದ್ರೆ ಕರುವಿನಷ್ಟು ಮಾಡು. ಸ್ವಲ್ಪ ನಾನೂ ಇಳೀತೀನಿ, ಸ್ವಲ್ಪ ಅವರೂ ಏರಲಿ.”

ಗುಬ್ಬಿ ಬಾಯಲ್ಲಿದ್ದ ಗೆಣಸು ಉದುರುವಂತೆ ನಕ್ಕಳು. ಅಮ್ಮನ ತುಟಿಯೂ ಸಡಿಲವಾಯಿತು. ಅಷ್ಟರಲ್ಲಿ ಅಪ್ಪ ಹುಲ್ಲಿನ ಹೊರೆ ಇಳಿಸಿ ಒಳಗೆ ಬಂದ. ಅಮ್ಮ ಸಿಪ್ಪೆಗಳನ್ನು ಬಾಚಿಕೊಂಡು ಎದ್ದಳು.

ಎರಡನೇ ವಾರ ಅಜ್ಜಿಯ ಮಣಿಕಟ್ಟು ಊದಿಕೊಂಡಿತು. ಕೊಟ್ಟಿಗೆಯಲ್ಲಿ ನಾಲ್ಕು ಹಸು. ಮೂರನ್ನು ಅಮ್ಮ ಹಿಂಡುತ್ತಿದ್ದಳು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ನಾಲ್ಕನೆಯದನ್ನು ದೊಡ್ಡವಳು ಹೋದಂದಿನಿಂದ ಅಜ್ಜಿಯೇ ಹಿಂಡುತ್ತಿದ್ದಳು. ಅಮ್ಮ ಅದಕ್ಕೆ ಹುಲ್ಲು ಹಾಕುತ್ತಿದ್ದಳು, ನೀರು ತೋರಿಸುತ್ತಿದ್ದಳು, ಆದರೆ ಕೆಚ್ಚಲಿಗೆ ಕೈ ಹಚ್ಚುತ್ತಿರಲಿಲ್ಲ.

“ನನ್ನ ಕೈಲಿ ಇವತ್ತು ಆಗಲ್ಲ,” ಎಂದಳು ಅಜ್ಜಿ, ಬಟ್ಟೆ ಸುತ್ತಿದ ಕೈ ಎತ್ತಿ ತೋರಿಸಿ. “ಮಚ್ಚೇನ ನೀನೇ ಹಿಂಡು.”

“ಅವರು ಬರಲಿ, ಹಿಂಡ್ತಾರೆ.”

“ಅವನು ಬರೋದು ಕತ್ತಲಾದ ಮೇಲೆ. ಕೆಚ್ಚಲು ಬಿಗಿದು ಒದ್ದಾಡ್ತಿದೆ ನೋಡು. ಮೂಕಪ್ರಾಣಿ ನಿನಗೇನು ಮಾಡ್ತು?”

“ನನ್ನ ಕೈಲಿ ಆಗಲ್ಲ ಅತ್ತೆ, ಬಿಡಿ.”

“ಎಷ್ಟು ದಿನ ಬಿಡಲಿ? ವರ್ಷ ಆಗ್ತಾ ಬಂತು.” ನೋವಿಗೋ ಸಿಟ್ಟಿಗೋ ಅಜ್ಜಿಯ ದನಿ ಏರಿತು. “ಅವತ್ತು ಇದು ಕರು ಹಾಕೋವಾಗ ಮೂರು ಗಂಟೆ ಇದರ ಬುಡದಲ್ಲೇ ಕೂತಿದ್ದೆಯಲ್ಲ. ಮಗಳು ಒಳಗಿಂದ ಕೂಗ್ತಿದ್ರೆ ‘ಇರು, ಬಂದೆ, ಇರು, ಬಂದೆ’ ಅಂದೆಯಲ್ಲ. ಅವತ್ತು ಮುಟ್ಟೋಕೆ ಆದ ಹಸು ಇವತ್ತು ಯಾಕೆ ಆಗಲ್ಲ?”

ಮಾತು ಆಡಿಯಾದ ಮೇಲೆ ಅಜ್ಜಿಯೇ ಬೆಚ್ಚಿದಳು. ಅಮ್ಮ ಕೈಯಲ್ಲಿದ್ದ ಹಗ್ಗವನ್ನು ಗೂಟಕ್ಕೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಹೇಳಿ ಅತ್ತೆ,” ಎಂದಳು ಮೆಲ್ಲಗೆ. “ಇಷ್ಟು ದಿನ ನೀವ್ಯಾರೂ ಹೇಳಲಿಲ್ಲವಲ್ಲ ಅಂತ ನಾನೂ ಕಾಯ್ತಿದ್ದೆ.”

“ನಾನು ಹಾಗಲ್ಲ ಕಣೇ... ಡಾಕ್ಟ್ರು ಏನಂದ್ರು? ಮೂರು ಗಂಟೆ ಮುಂಚೆ ಬಂದಿದ್ರೂ ಹೇಳೋಕಾಗಲ್ಲ ಅಂದ್ರಲ್ಲ.”

“ಹೇಳೋಕಾಗಲ್ಲ ಅಂದ್ರು. ಉಳೀತಿರಲಿಲ್ಲ ಅನ್ನಲಿಲ್ಲ.”

ಗುಬ್ಬಿ ಗೋದಲಿಯ ಹಿಂದೆ ಹಿಂಡಿಯ ಬುಟ್ಟಿ ಹಿಡಿದು ನಿಂತಿದ್ದಳು. ಆ ಸಂಜೆ ಮಚ್ಚೆ ಹಸುವನ್ನು ಅಜ್ಜಿಯೇ ಎಡಗೈಯಲ್ಲಿ, ಹನಿ ಹನಿಯಾಗಿ ಹಿಂಡಿದಳು. ರಾತ್ರಿಯೂಟಕ್ಕೆ ಗಂಜಿ ಬೆಂದಿತ್ತು. ಉಪ್ಪು ಹೆಚ್ಚಾಗಿತ್ತು, ಎಲ್ಲರೂ ಉಂಡರು.

ಅದಾಗಿ ಮೂರು ದಿನಕ್ಕೆ, ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ, ಗುಬ್ಬಿಗೆ ಎಚ್ಚರವಾಯಿತು. ಎದ್ದು ಬಂದು ನೋಡಿದರೆ, ಹಿಂಡಿ ಬೂಸಾ ಇಡುವ ಕೋಣೆಯಲ್ಲಿ ಅಮ್ಮ ಡಬ್ಬದ ಮುಚ್ಚಳದ ಮೇಲೆ ನೀಲಿ ನೋಟ್‌ಬುಕ್ ಇಟ್ಟುಕೊಂಡು ಬಗ್ಗಿ ಬರೆಯುತ್ತಿದ್ದಳು. ಬರೆಯುವಳು, ರಬ್ಬರಿನಿಂದ ಉಜ್ಜುವಳು, ಪುಡಿ ಊದುವಳು, ಹಿಂದಿನ ಪುಟ ತಿರುಗಿಸಿ ಅಕ್ಕನ ಅಕ್ಷರ ನೋಡುವಳು, ಮತ್ತೆ ಬರೆಯುವಳು. ಗುಬ್ಬಿ ಬಂದ ಹಾಗೆಯೇ ಹಿಂದಕ್ಕೆ ಹೋಗಿ ಕಣ್ಣು ಮುಚ್ಚಿ ಮಲಗಿದಳು.

ಕೊನೆಯ ವಾರ ಮೇಡಂ ಒಬ್ಬೊಬ್ಬರನ್ನೇ ಕಿಟಕಿಯ ಬಳಿ ಕರೆದು ಕಥೆ ನೋಡುತ್ತಿದ್ದರು. ಗುಬ್ಬಿಯ ಸರದಿ ಬಂತು. ನೀಲಿ ನೋಟ್‌ಬುಕ್ಕಿನಲ್ಲಿ ಅಕ್ಕನ ಕೊನೆಯ ಸಾಲಿನ ಕೆಳಗೆ ಅದೇ ದುಂಡು ಅಕ್ಷರದಲ್ಲಿ ಒಂದು ಪುಟ ತುಂಬಿತ್ತು. ಮೇಡಂ ಓದಿದರು. ಹಾಳೆಯನ್ನು ಬೆಳಕಿಗೆ ಹಿಡಿದರು. ಉಜ್ಜಿ ಉಜ್ಜಿ ಹಾಳೆ ತೆಳುವಾಗಿ, ಒಂದೆರಡು ಕಡೆ ಆಚೆಯ ಬೆಳಕು ಕಾಣುತ್ತಿತ್ತು. ಗೀಟು ಒಂದೂ ಇರಲಿಲ್ಲ. ಮೂಲೆಯಲ್ಲಿ ಬೂಸಾದ ಪುಡಿ ಅಂಟಿತ್ತು.

“ಇದನ್ನ ಯಾರು ಬರೆದ್ರು?”

ಗುಬ್ಬಿ ಕಾಲ್ಬೆರಳಿನಿಂದ ಚಾಪೆಯ ದಾರ ಎಳೆಯುತ್ತ, “ಅಕ್ಕ,” ಎಂದಳು.

ಮೇಡಂ ಮೂಲೆಯ ಬೂಸಾದ ಪುಡಿ ಕೊಡವಿದರು. ಆಮೇಲೆ ನೋಟ್‌ಬುಕ್ ಅವಳ ಕೈಗೆ ಕೊಟ್ಟರು. “ಅಕ್ಕ ಬರೆದಿದ್ದನ್ನ ನೀನು ಓದು. ಆಮೇಲಿನದನ್ನ ಬರೆದವರೇ ಓದಬೇಕು. ಅವರಿಗೆ ಹೇಳು, ನಮ್ಮಲ್ಲಿ ಅದೇ ಕಟ್ಟಳೆ ಅಂತ.”

ಅಮ್ಮ ಹುಲ್ಲು ಕತ್ತರಿಸುತ್ತಿದ್ದಳು. ಗುಬ್ಬಿ ಪಕ್ಕದಲ್ಲಿ ಬಂದು ನಿಂತು ಮೇಡಂ ಹೇಳಿದ್ದನ್ನು ಹೇಳಿದಳು. ಕುಡುಗೋಲು ನಿಂತಿತು.

“ಅವರಿಗೆ ಹೇಗೆ ಗೊತ್ತಾಯ್ತು?”

“ನಮ್ಮಲ್ಲಿ ರಬ್ಬರ್ ಇಲ್ಲ.”

ಅಮ್ಮ ಕತ್ತರಿಸಿದ ಹುಲ್ಲನ್ನು ಬಾಚಿ ಬಾಚಿ ಒಂದೇ ಗುಡ್ಡೆ ಮಾಡಿದಳು. “ನಾನು ಬರಲ್ಲ ಅಂತ ಹೇಳು.”

ಶನಿವಾರ ಲೈಬ್ರರಿಯ ಕೋಣೆ ತುಂಬಿತ್ತು. ದರ್ಜಿ ಬಂದಿದ್ದ, ಡೈರಿಯಲ್ಲಿ ಹಾಲು ಅಳೆಯುವವನ ಹೆಂಡತಿ ಬಂದಿದ್ದಳು, ಅಜ್ಜಿ ಕೈಗೆ ಬಟ್ಟೆ ಸುತ್ತಿಕೊಂಡು ಮುಂದಿನ ಬೆಂಚಿನಲ್ಲೇ ಕುಳಿತಿದ್ದಳು. ಅಮ್ಮ ಹಿಂದೆ, ಬಾಗಿಲ ಪಕ್ಕ. ಬರಲ್ಲ ಎಂದವಳು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದಿದ್ದಳು. ಅಪ್ಪ ಒಳಗೆ ಬರಲಿಲ್ಲ. ಖಾಲಿ ಕ್ಯಾನು ಕಟ್ಟಿದ ಸೈಕಲ್ ಹಿಡಿದು ಕಿಟಕಿಯ ಹೊರಗೆ ನಿಂತಿದ್ದ, ಟೈರು ಒತ್ತಿ ಒತ್ತಿ ಗಾಳಿ ನೋಡುತ್ತಿದ್ದ.

ಗುಬ್ಬಿ ಓದಿದಳು. ಬಾತುಕೋಳಿಗೆ ಜನ ನಕ್ಕರು. ಹಳ್ಳ ತುಂಬಿದಾಗ ಸುಮ್ಮನಾದರು. ಕೊನೆಯ ಸಾಲಿಗೆ ಬಂದು ಅವಳು ನಿಂತಳು. ಬಾಯಿ ತೆರೆದಳು, ಮುಚ್ಚಿದಳು. “...ಎಂದು ಜೋರಾಗಿ ಕೂಗಿದಳು,” ಎಂದು ಮುಗಿಸಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು.

ಮೇಡಂ ಯಾರ ಕಡೆಯೂ ನೋಡಲಿಲ್ಲ. ಕಾದರು. ಹಿಂದಿನಿಂದ ಬೆಂಚು ಸರಿದ ಸದ್ದಾಯಿತು. ಅಮ್ಮ ಮಕ್ಕಳ ನಡುವೆ ಜಾಗ ಮಾಡಿಕೊಂಡು ಮುಂದೆ ಬಂದಳು. ನೋಟ್‌ಬುಕ್ ಮೇಜಿನ ಮೇಲೇ ಬಿಟ್ಟು, ಬೆರಳು ಸಾಲಿನ ಕೆಳಗೆ ಇಟ್ಟು, ಶಾಲೆಯ ಮಕ್ಕಳ ಹಾಗೆ ಓದಿದಳು.

“ಅಮ್ಮ ಹಾಲು ಹಿಂಡುತ್ತಿದ್ದಳು. ಕೂಗು ಕೇಳಿತು. ಅವಳು ಪಾತ್ರೆ ಬಿಟ್ಟು ಎದ್ದಳು. ಹಾಲು ಚೆಲ್ಲಿತು. ಚೆಲ್ಲಲಿ ಎಂದಳು. ಹಸು ಒದೆಯಿತು. ಒದೆಯಲಿ ಎಂದಳು. ಇರು ಅನ್ನಲಿಲ್ಲ.”

ಬೆರಳು ಅಲ್ಲೇ ನಿಂತಿತು.

“ಇರು ಅನ್ನಲಿಲ್ಲ,” ಎಂದಳು ಮತ್ತೆ.

“ಎರಡು ಸಲ ಬರೆದಿದ್ದಾರೆ,” ಎಂದು ದರ್ಜಿಯ ಮಗಳು ಪಕ್ಕದವಳ ಕಿವಿಯಲ್ಲಿ ಹೇಳಿದಳು.

“ಹಳ್ಳಕ್ಕೆ ಇಳಿದಳು. ನೀರು ಎದೆಮಟ್ಟ ಇತ್ತು. ಆಚೆ ದಡದಲ್ಲಿ ಮಗಳು ಇದ್ದಳು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡಳು. ಬಾತುಕೋಳಿಯನ್ನೂ ಎತ್ತಿಕೊಂಡಳು. ಮನೆಗೆ ಬಂದು ಮೈ ಒರೆಸಿ ಬಿಸಿ ಅನ್ನ ಬಡಿಸಿದಳು. ಮಗಳು ಎರಡು ಸಲ ಹಾಕಿಸಿಕೊಂಡಳು. ಆಮೇಲೆ ಮಲಗಿದಳು. ಬೆಳಿಗ್ಗೆ ಎದ್ದಳು.”

ಯಾರೋ ಚಪ್ಪಾಳೆಗೆ ಕೈ ಎತ್ತಿ ಇಳಿಸಿದರು. ಅಜ್ಜಿ ಬಟ್ಟೆ ಸುತ್ತಿದ ಕೈಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಿಟಕಿಯ ಹೊರಗೆ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಅದರ ಪಕ್ಕ ಅಪ್ಪ ನೆಲದ ಮೇಲೆ ಕುಳಿತುಬಿಟ್ಟಿದ್ದ, ತಲೆಯ ತುದಿ ಮಾತ್ರ ಕಾಣುತ್ತಿತ್ತು.

ಮುಗಿದ ಕಥೆಗಳಿಗೆ ಮೇಡಂ ದಾರ ಹೊಲಿದು, ಅಂಕಿ ಬರೆದು, ಲೈಬ್ರರಿಯ ಸಾಲಿನಲ್ಲಿ ಇಡುತ್ತಾರೆ. ನೀಲಿ ನೋಟ್‌ಬುಕ್ಕೂ ಅಲ್ಲಿಗೆ ಹೋಯಿತು. “ಬೇಕು ಅನ್ನಿಸಿದಾಗ ಬಂದು ಕೇಳಿ,” ಎಂದು ಮೇಡಂ ಹೇಳಿದ್ದಕ್ಕೆ ಅಮ್ಮ ತಲೆಯಾಡಿಸಿದಳು.

ದಾರಿಯಲ್ಲಿ ಅಜ್ಜಿ ಸೊಸೆಯ ಹಿಂದೆ ಹಿಂದೆ ನಡೆದಳು. ಮನೆ ಹತ್ತಿರ ಬಂದಾಗ, “ಎರಡು ಸಲ ಹಾಕಿಸ್ಕೊಳ್ತಿದ್ಲು ಅಲ್ವಾ, ನಿಜ,” ಎಂದಳು. “ಮೂರು ಸಲ ಹಾಕಿಸ್ಕೊಂಡಿದ್ದೂ ಉಂಟು.”

“ಹೂಂ ಅತ್ತೆ,” ಎಂದಳು ಅಮ್ಮ.

ಅದರ ಮರುವಾರ ಒಂದು ಸಂಜೆ, ಅಜ್ಜಿಯ ಕೈ ಇನ್ನೂ ವಾಸಿಯಾಗಿರಲಿಲ್ಲ. ಅಮ್ಮ ಮೂರು ಹಸುಗಳನ್ನು ಮುಗಿಸಿ, ಪಾತ್ರೆ ತೊಳೆದು, ಏನೂ ಹೇಳದೆ ಮಚ್ಚೆ ಹಸುವಿನ ಪಕ್ಕ ಕುಳಿತಳು. ಹಸು ಬಾಲ ಬೀಸಿತು, ಹಿಂದೆ ಸರಿಯಿತು, ಆಮೇಲೆ ಹಾಲು ಬಿಟ್ಟಿತು. ಅಜ್ಜಿ ಗೋದಲಿಯ ಬಳಿ ಕರುವನ್ನು ಹಿಡಿದು ನಿಂತಿದ್ದಳು. ಅಪ್ಪ ಕ್ಯಾನಿನ ಬಾಯಿಗೆ ಸೋಸುವ ಬಟ್ಟೆ ಕಟ್ಟುತ್ತಿದ್ದ. ಪಾತ್ರೆ ಅರ್ಧಕ್ಕಿಂತ ಮೇಲೆ ತುಂಬಿತ್ತು.

“ಅಮ್ಮಾ!”

ಒಳಗಿನಿಂದ. ದೊಡ್ಡ ದನಿ.

ಅಮ್ಮ ಎದ್ದದ್ದು ಯಾರಿಗೂ ಕಾಣಲಿಲ್ಲ. ಪಾತ್ರೆ ಉರುಳಿದ ಸದ್ದು ಕೇಳಿತು, ಹಸು ಬೆದರಿ ಒದೆಯಿತು, ಹಾಲು ಕಲ್ಲಿನ ಸಂದಿಯಲ್ಲಿ ಹರಿದು ಸಗಣಿಯ ಕಾಲುವೆ ಸೇರಿತು. ಅಷ್ಟರಲ್ಲಿ ಅವಳು ಅಂಗಳ ದಾಟಿ, ಜಗಲಿ ಹತ್ತಿ, ಒಳಗೆ ನಿಂತಿದ್ದಳು. ಮೊಣಕೈವರೆಗೆ ಹಾಲು, ಎದೆ ಏರಿಳಿಯುತ್ತಿತ್ತು.

“ಏನಾಯ್ತು? ಎಲ್ಲಿ ನೋವು? ಹೊಟ್ಟೆನಾ? ತೋರಿಸು.”

ಗುಬ್ಬಿ ಕೋಣೆಯ ನಡುವೆ ನೆಟ್ಟಗೆ ನಿಂತಿದ್ದಳು. “ಏನಿಲ್ಲ,” ಎಂದಳು. “ಸುಮ್ನೆ ಕೂಗಿದೆ.”

ಅಮ್ಮ ಅವಳ ಹೊಟ್ಟೆ ಮುಟ್ಟಿ ನೋಡಿದಳು, ಹಣೆ ಮುಟ್ಟಿ ನೋಡಿದಳು. ಆಮೇಲೆ ಇದ್ದಲ್ಲೇ ನೆಲಕ್ಕೆ ಕುಳಿತು, ಮಗುವಿನ ಲಂಗದಲ್ಲಿ ಮುಖವಿಟ್ಟು ಅತ್ತಳು. ಎಂಟು ತಿಂಗಳಲ್ಲಿ ಅವಳ ಅಳು ಬೇರೆಯವರಿಗೆ ಕೇಳಿಸಿದ್ದು ಅದೇ ಮೊದಲು.

“ಸುಮ್ನೆ ಕೂಗಿದ್ಲಂತೆ,” ಎಂದಳು ಅಜ್ಜಿ ಬಾಗಿಲಿನಿಂದ ಹಿಂದಿರುಗಿ. ಗದರುವವಳು ಗದರಲಿಲ್ಲ. ಮಗನ ಕೈಗೆ ಕೊಟ್ಟಿದ್ದ ಕರುವನ್ನು ಅವನಲ್ಲೇ ಬಿಟ್ಟು, ಪಾತ್ರೆ ಎತ್ತಿ, ಎಡಗೈಯಿಂದ ಉಳಿದ ಹಾಲು ಹಿಂಡಲು ಕುಳಿತಳು.

ಡೈರಿಯಲ್ಲಿ ಆ ಸಂಜೆ ಅಪ್ಪನ ಕ್ಯಾನಿನಲ್ಲಿ ಹಾಲು ಕಡಿಮೆಯಿತ್ತು. ಹಾಲು ಅಳೆಯುವವನು ಅಳತೆಗೋಲು ಎತ್ತಿ ನೋಡಿ, “ಏನಪ್ಪಾ, ಇವತ್ತು ಇಷ್ಟೇನಾ?” ಎಂದ.

ಅಪ್ಪ ಕ್ಯಾನಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

“ಮಗಳು ಕೂಗಿದ್ಲು,” ಎಂದ.